ಹೂ ಬಿಡುವ ತನಕ ಕಾಯಬೇಡಿ: ಸುತ್ತಲಿನ ಗಿಡಮರಗಳ ಗುರುತು ಹಿಡಿಯುವ ಬಗೆ

ಮುಂಗಾರು ಹಿಡಿದು ಎರಡು ವಾರ ಆದ ಮೇಲೆ ಮಂಡ್ಯ ಕಡೆಯ ಯಾವುದಾದರೂ ಹೊಲದ ಬದುವಿನ ಮೇಲೆ ನಡೆದು ನೋಡಿ. ಬೆರಕೆ ಸೊಪ್ಪು ಕೀಳುವ ಹೆಂಗಸರು ಸಿಕ್ಕೇ ಸಿಗುತ್ತಾರೆ. ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆ ಎಲ್ಲವೂ ಮಡಿಲು ಸೇರುತ್ತವೆ. ಎಲ್ಲವೂ ಎಳೆಯ ಕುಡಿ, ಒಂದರಲ್ಲೂ ಹೂವಿರುವುದಿಲ್ಲ. ಪಕ್ಕದಲ್ಲೇ ಬೇಡದ ಕಳೆ ಹತ್ತಾರು ಬಗೆಯದು ಬೆಳೆದಿರುತ್ತದೆ. ಅದನ್ನು ಕೈ ಮುಟ್ಟುವುದೂ ಇಲ್ಲ. ಅವರನ್ನು ಕೇಳಿದರೆ "ನೋಡಿದ್ರೆ ಗೊತ್ತಾಗಲ್ವಾ" ಅನ್ನುತ್ತಾರೆ. ಗೊತ್ತಾಗುತ್ತದೆ ನಿಜ. ಆದರೆ ಅವರು ನೋಡುತ್ತಿರುವುದು ಏನನ್ನು ಎಂಬುದೇ ಇಲ್ಲಿನ ವಿಷಯ.

ನಮ್ಮಲ್ಲಿ ಹೆಚ್ಚಿನವರಿಗೆ ಹೂ ಕಂಡರೆ ಮಾತ್ರ ಗಿಡದ ಹೆಸರು ಹೊಳೆಯುತ್ತದೆ. ಹೂ ಉದುರಿತು ಅಂದರೆ ಅದು ಬರೀ "ಒಂದು ಮರ". ಹೂ ಇರುವುದು ವರ್ಷದಲ್ಲಿ ಕೆಲವೇ ವಾರ. ಎಲೆ, ಕಡ್ಡಿ, ತೊಗಟೆ, ವಾಸನೆ ಹೆಚ್ಚುಕಡಿಮೆ ವರ್ಷವಿಡೀ ಕೈಗೆ ಸಿಗುತ್ತವೆ. ಹಾಗಾಗಿ ಗಿಡ ಗುರುತಿಸಲು ಕಲಿಯುವವರು ಹೂವನ್ನು ಕೊನೆಗೆ ಇಟ್ಟುಕೊಂಡು, ಉಳಿದದ್ದನ್ನು ಒಂದು ಕ್ರಮದಲ್ಲಿ ನೋಡುವ ರೂಢಿ ಮಾಡಿಕೊಳ್ಳಬೇಕು. ಯಾವ ಗಿಡದ ಮುಂದೆ ನಿಂತರೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುವುದು. ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಮೊದಲು ಗೆಣ್ಣು ನೋಡಿ

ಕಬ್ಬಿನ ನಾಡಿನವರಿಗೆ ಗೆಣ್ಣು ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಎಲ್ಲ ಗಿಡದಲ್ಲೂ ಎಲೆ ಹೊರಡುವ ಜಾಗ ಗೆಣ್ಣೇ. ಒಂದು ಗೆಣ್ಣಿನಲ್ಲಿ ಎಷ್ಟು ಎಲೆ ಇವೆ ಎನ್ನುವುದು ಮೊದಲ ಪ್ರಶ್ನೆ.

ಅರಳಿ, ಗಣಿಕೆ, ಎಲಚಿಯಲ್ಲಿ ಗೆಣ್ಣಿಗೆ ಒಂದೇ ಎಲೆ, ಒಂದು ಆ ಕಡೆ, ಮುಂದಿನದು ಈ ಕಡೆ. ಎಕ್ಕ, ತುಂಬೆ, ಉತ್ತರಾಣಿ, ಲಕ್ಕಿಯಲ್ಲಿ ಎರಡು ಎಲೆ ಎದುರುಬದುರು ನಿಂತಿರುತ್ತವೆ. ಕಣಗಿಲೆಯಲ್ಲಿ ಸಾಮಾನ್ಯವಾಗಿ ಮೂರು ಎಲೆ ಒಂದೇ ಗೆಣ್ಣಿನ ಸುತ್ತ ಇರುತ್ತವೆ. ಮದ್ದಾಲೆ ಮರದಲ್ಲಿ ಆರು ಏಳು ಎಲೆ ಸುತ್ತಲೂ ಹರಡಿಕೊಂಡಿರುತ್ತವೆ.

ಇಷ್ಟು ಸಣ್ಣ ಸಂಗತಿಗೆ ಯಾಕೆ ಇಷ್ಟು ಬೆಲೆ? ಎಲೆಯ ಗಾತ್ರ ನಂಬುವಂಥದ್ದಲ್ಲ. ನೆರಳಲ್ಲಿ ಬೆಳೆದರೆ ಅಗಲ, ಬಿಸಿಲಲ್ಲಿ ಬೆಳೆದರೆ ಕಿರಿದು. ಬಣ್ಣವೂ ಹಾಗೇ, ಚಿಗುರಿನಲ್ಲಿ ಒಂದು, ಬಲಿತ ಮೇಲೆ ಇನ್ನೊಂದು. ಎಲೆ ಕೂತಿರುವ ಕ್ರಮ ಮಾತ್ರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಸೊಪ್ಪಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಣ್ಣೆ, ಹೊನಗೊನ್ನೆ ಎರಡೂ ದಂಟಿನ ಕುಟುಂಬದವು. ಅಣ್ಣೆಯಲ್ಲಿ ಎಲೆ ಒಂದಾದ ಮೇಲೊಂದು, ಹೊನಗೊನ್ನೆಯಲ್ಲಿ ಎದುರುಬದುರು. ಎಷ್ಟು ಎಳೆಯದಾದರೂ ಈ ವ್ಯತ್ಯಾಸ ಅಲ್ಲೇ ಕಾಣುತ್ತದೆ. ಕುಡಿಯ ತುದಿಯಲ್ಲಿ ಎಲೆಗಳು ಒತ್ತೊತ್ತಾಗಿ ಇರುವುದರಿಂದ ಕಣ್ಣು ಮೋಸ ಹೋಗಬಹುದು. ಸ್ವಲ್ಪ ಕೆಳಗಿನ ನಾಲ್ಕೈದು ಗೆಣ್ಣು ನೋಡುವುದು ಒಳ್ಳೆಯದು.

ಇದು ಎಲೆಯೋ, ಎಲೆಯ ಚೂರೋ?

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಬೇವಿನ ಒಂದು ಎಲೆ ಕಿತ್ತು ತನ್ನಿ ಅಂದರೆ ಹತ್ತರಲ್ಲಿ ಎಂಟು ಜನ ಗರಗಸದಂಥ ಅಂಚಿನ ಪುಟ್ಟ ಎಲೆಯೊಂದನ್ನು ತರುತ್ತಾರೆ. ಅದು ಎಲೆಯ ಒಂದು ಭಾಗ ಅಷ್ಟೇ, ಕಿರುಎಲೆ. ಎರಡೂ ಕಡೆ ಸಾಲಾಗಿ ಕಿರುಎಲೆ ಹೊತ್ತ ಆ ಇಡೀ ಕಡ್ಡಿಯೇ ಬೇವಿನ ಒಂದು ಎಲೆ.

ಇದನ್ನು ತೀರ್ಮಾನಿಸಲು ಒಂದು ಗಟ್ಟಿ ಪರೀಕ್ಷೆ ಇದೆ. ನಿಜವಾದ ಎಲೆಯ ತೊಟ್ಟು ಕಡ್ಡಿಗೆ ಸೇರುವ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ. ಕೊಂಬೆಯಾಗಲಿ ಹೂವಾಗಲಿ ಹೊರಡುವುದು ಸಾಮಾನ್ಯವಾಗಿ ಅಲ್ಲಿಂದಲೇ. ಕಿರುಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ.

ಈ ಪರೀಕ್ಷೆಯ ಸೊಗಸು ಗೊತ್ತಾಗಬೇಕಾದರೆ ನೆಲನೆಲ್ಲಿಯನ್ನು ಕೈಗೆತ್ತಿಕೊಳ್ಳಬೇಕು. ಮಳೆಗಾಲದಲ್ಲಿ ಮನೆಯ ಮುಂದಿನ ಕಲ್ಲುಸಂದಿಯಲ್ಲೂ ಹುಟ್ಟುವ ಗೇಣುದ್ದದ ಗಿಡ ಅದು. ಮೇಲಿನಿಂದ ನೋಡಿದರೆ ಹುಣಸೆ ಎಲೆಯ ಹಾಗೆ ಕಡ್ಡಿಯ ಎರಡೂ ಕಡೆ ಪುಟಾಣಿ ಎಲೆಗಳ ಸಾಲು. ಅದನ್ನು ಸುಮ್ನೆ ಮಗುಚಿ ನೋಡಿ. ಪ್ರತಿ ಪುಟ್ಟ ಎಲೆಯ ಬುಡದಲ್ಲೂ ಸಾಸಿವೆ ಗಾತ್ರದ ಹಸಿರು ಕಾಯಿ, ಇಲ್ಲವೇ ಅದಕ್ಕಿಂತ ಚಿಕ್ಕ ಹೂ ಕೆಳಮುಖವಾಗಿ ನೇತಾಡುತ್ತಿರುತ್ತದೆ. ಅಂದರೆ ಅವು ಕಿರುಎಲೆಗಳಲ್ಲ, ಒಂದೊಂದೂ ಪೂರ್ತಿ ಎಲೆ. ನಾವು ಎಲೆ ಅಂದುಕೊಂಡದ್ದು ಒಂದು ಸಣ್ಣ ಕೊಂಬೆ. ಬೆಟ್ಟದ ನೆಲ್ಲಿ ಮರದ್ದೂ ಇದೇ ಕಥೆ. ಎರಡೂ ಬೇರೆ ಬೇರೆ ಗಿಡವಾದರೂ ಒಂದೇ ಕುಲಕ್ಕೆ (ಜೀನಸ್) ಸೇರಿದವು. ಒಂದು ಪಾದದಷ್ಟು ಎತ್ತರ, ಇನ್ನೊಂದು ಮರ. ಇಬ್ಬರ ನಂಟು ಗೊತ್ತಾಗುವುದು ಎತ್ತರದಿಂದಲ್ಲ, ಈ ಕೊಂಬೆಯಿಂದ.

ಕಿರುಎಲೆಗಳು ಹೇಗೆ ಜೋಡಣೆಯಾಗಿವೆ ಎನ್ನುವುದರಿಂದ ಇನ್ನಷ್ಟು ಮುಂದೆ ಹೋಗಬಹುದು. ಹೊಂಗೆಯಲ್ಲಿ ಐದೋ ಏಳೋ ಇರುತ್ತವೆ, ತುದಿಗೆ ಒಂಟಿ ಕಿರುಎಲೆ. ಮುತ್ತುಗ, ಬಿಲ್ವ, ಹಾಲುವಾಣದಲ್ಲಿ ಮೂರು. ಬೂರುಗದಲ್ಲಿ ಐದರಿಂದ ಏಳು, ಎಲ್ಲವೂ ಒಂದೇ ಬಿಂದುವಿನಿಂದ ಬೆರಳು ಬಿಡಿಸಿದಂತೆ ಹೊರಡುತ್ತವೆ. ನಮ್ಮ ಕಡೆಯ ರೈತರು ಈಗ ಹೊಲದಲ್ಲಿ ನೆಡುತ್ತಿರುವ ಹೆಬ್ಬೇವನ್ನು ಬೇವಿನಿಂದ ಬೇರೆ ಮಾಡುವುದೂ ಹೀಗೇ. ಬೇವಿನಲ್ಲಿ ನಡುಕಡ್ಡಿಗೆ ನೇರವಾಗಿ ಕಿರುಎಲೆ ಅಂಟಿರುತ್ತದೆ. ಹೆಬ್ಬೇವಿನಲ್ಲಿ ನಡುಕಡ್ಡಿಯಿಂದ ಮತ್ತೆ ಕಡ್ಡಿ ಒಡೆದು, ಕಿರುಎಲೆ ಇರುವುದು ಅದರ ಮೇಲೆ. ಬೇವಿನ ಕಿರುಎಲೆಯನ್ನು ಹತ್ತಿರದಿಂದ ನೋಡಿದರೆ ಬುಡದ ಎರಡು ಪಕ್ಕ ಸಮ ಇರುವುದಿಲ್ಲ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು.

ಮುರಿದು, ಮುಟ್ಟಿ, ಮೂಸಿ

ಕಣ್ಣಿನ ಕೆಲಸ ಮುಗಿದ ಮೇಲೆ ಬೆರಳು, ಮೂಗಿನ ಸರದಿ. ಉದುರಿದ ಎಲೆ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಒಂದೇ ಒಂದು ಎಲೆ.

ಹಸಿ ಎಲೆ ಮುರಿದಾಗ ಹಾಲು ಬರುತ್ತದೆಯೇ ಎಂದು ನೋಡಿ. ಆಲ, ಅರಳಿ, ಅತ್ತಿ, ಗೋಣಿ ಈ ನಾಲ್ಕರಲ್ಲೂ ಬರುತ್ತದೆ. ಇವುಗಳ ಇನ್ನೊಂದು ಗುರುತು ಕುಡಿಯ ಮೇಲಿದೆ. ಚಿಗುರನ್ನು ಮುಚ್ಚಿಕೊಂಡಿರುವ ಚೂಪು ಪೊರೆ ಉದುರಿದಾಗ ಗೆಣ್ಣಿನ ಸುತ್ತ ಉಂಗುರದಂಥ ಗೆರೆ ಉಳಿಯುತ್ತದೆ. ಹಾಲು, ಗೆಣ್ಣಿಗೊಂದು ಎಲೆ, ಉಂಗುರದ ಗೆರೆ ಮೂರೂ ಸೇರಿದರೆ ಆಲದ ಬಳಗದ್ದು ಅಂದುಕೊಳ್ಳಲು ಅಡ್ಡಿಯಿಲ್ಲ. ಆಮೇಲೆ ಒಬ್ಬೊಬ್ಬರನ್ನು ಬೇರೆ ಮಾಡಿ. ಎಲೆಗೆ ಉದ್ದ ಬಾಲವಿದ್ದರೆ ಅರಳಿ. ಬಿಳಲು ಇಳಿಬಿಟ್ಟು, ದಪ್ಪ ಎಲೆಯ ಕಂಕುಳಲ್ಲಿ ತೊಟ್ಟಿಲ್ಲದ ಕೆಂಪು ಹಣ್ಣು ಜೋಡಿಯಾಗಿದ್ದರೆ ಆಲ. ಬೊಡ್ಡೆಗೇ ಗೊಂಚಲು ಹಣ್ಣು ಅಂಟಿದ್ದರೆ ಅತ್ತಿ. ಎಳೆಯ ಕುಡಿ, ಎಲೆಯ ತಳದಲ್ಲಿ ಕಂದು ತುಪ್ಪಳ ಇದ್ದರೆ ಗೋಣಿ. ಈ ಗೋಣಿ ಮರವನ್ನು ಸಸ್ಯಶಾಸ್ತ್ರದ ಹಳೆಯ ಬರಹಗಳು ನಮ್ಮೂರಿನ ಹೆಸರು ಹಿಡಿದು ಫೈಕಸ್ ಮೈಸೊರೆನ್ಸಿಸ್ ಎಂದು ಕರೆದಿವೆ. ಈಗಿನ ಹೆಸರು ಫೈಕಸ್ ಡ್ರುಪೇಸಿಯಾ.

ಈ ಬಳಗದಲ್ಲಿ ಹೂವಿಗಾಗಿ ಕಾದರೆ ಕಾಯುತ್ತಲೇ ಇರಬೇಕು. ನಾವು ಹಣ್ಣು ಅನ್ನುವುದರ ಒಳಗೇ ನೂರಾರು ಪುಟ್ಟ ಹೂಗಳು ಅಡಗಿವೆ. ತೀರಾ ಚಿಕ್ಕ ಕಣಜಗಳು ಒಳಗೆ ನುಗ್ಗಿ ಪರಾಗಸ್ಪರ್ಶ ಮಾಡುತ್ತವೆ. ಹೊರಗಿನಿಂದ ನಮಗೆ ಒಂದು ಹೂವೂ ಕಾಣುವುದಿಲ್ಲ.

ಬಿಲ್ವಪತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಚಿಕ್ಕ, ಬೆಳಕು ತೂರುವ ಚುಕ್ಕಿಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು, ಎಲೆ ಹಿಸುಕಿದಾಗ ಬರುವ ಪರಿಮಳ ಅಲ್ಲಿಂದಲೇ. ನಿಂಬೆ, ಕರಿಬೇವಿನಲ್ಲೂ ಇವು ಇವೆ, ಯಾಕೆಂದರೆ ಮೂರೂ ಒಂದೇ ಕುಟುಂಬ. ಮೂರು ಕಿರುಎಲೆ ಇದ್ದರೂ ಮುತ್ತುಗದಲ್ಲಿ ಈ ಚುಕ್ಕಿಯೂ ಇಲ್ಲ, ಪರಿಮಳವೂ ಇಲ್ಲ.

ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸುವುದು ಇನ್ನೊಂದು ಒಳ್ಳೆಯ ಅಭ್ಯಾಸ. ತುಂಬೆ, ತುಳಸಿ, ಕಾಮಕಸ್ತೂರಿಯ ಕಡ್ಡಿ ಚೌಕ, ಎಲೆ ಎದುರುಬದುರು. ಆದರೆ ಲಂಟಾನದ ಕಡ್ಡಿಯೂ ಚೌಕವೇ, ಎಲೆಯೂ ಎದುರುಬದುರೇ, ಹಿಸುಕಿದರೆ ಘಾಟು ವಾಸನೆಯೂ ಇದೆ. ಅದರ ಕಡ್ಡಿಯ ಮೇಲೆ ಸಣ್ಣ ಕೊಕ್ಕೆಮುಳ್ಳು ಇರುವುದರಿಂದ ಬೇರೆ ಎಂದು ತಿಳಿಯುತ್ತದೆ. ಒಂದೇ ಗುರುತನ್ನು ನಂಬಿ ಹೆಸರು ಹೇಳಬಾರದು ಅನ್ನುವುದು ಇದಕ್ಕೇ. ಕನಿಷ್ಠ ಮೂರು ಗುರುತು ಕೂಡಿ ಬರಲಿ.

ಗದ್ದೆಯ ಬದುವಿನಲ್ಲಿ ಹುಲ್ಲೆಂದು ತಿಳಿದ ಎಷ್ಟೋ ಗಿಡಗಳು ಹುಲ್ಲೇ ಅಲ್ಲ. ಜೇಕಿನ ಕಡ್ಡಿ ಹೊರಳಿಸಿದರೆ ಮೂರು ಏಣು ಬೆರಳಿಗೆ ತಾಕುತ್ತವೆ, ಕಡ್ಡಿಯಲ್ಲಿ ಗೆಣ್ಣು ಸಿಗುವುದಿಲ್ಲ. ಗರಿಕೆಯಂಥ ನಿಜವಾದ ಹುಲ್ಲಿನಲ್ಲಿ ಕಡ್ಡಿ ಉರುಟು, ಗೆಣ್ಣು ಸ್ಪಷ್ಟ. ಅದೇ ಗದ್ದೆಯ ತೇವದಲ್ಲಿ ಗರುಗದ ಗಿಡವೂ ಇರುತ್ತದೆ. ಬಿಳಿಯ ಪುಟ್ಟ ಹೂ, ಎದುರುಬದುರು ಒರಟು ಎಲೆ. ಅದರ ಕಡ್ಡಿ ಜಜ್ಜಿ ಒಂದು ಗಳಿಗೆ ಬಿಟ್ಟರೆ ರಸ ಕಪ್ಪಾಗುತ್ತದೆ.

ಮುಳ್ಳೂ ಮಾತಾಡುತ್ತದೆ. ಚಾಮುಂಡಿ ಬೆಟ್ಟದ ಕುರುಚಲಲ್ಲಿ ಎಲಚಿ ಗಿಡ ಸಿಕ್ಕರೆ ಗೆಣ್ಣಿನ ಹತ್ತಿರ ನೋಡಿ. ಎರಡು ಮುಳ್ಳಿರುವ ಕಡೆ ಒಂದು ನೇರ, ಇನ್ನೊಂದು ಕೊಕ್ಕೆ. ಎಲೆಯ ಬುಡದಿಂದ ಮೂರು ನರ ಒಟ್ಟಿಗೆ ಹೊರಡುತ್ತವೆ, ಎಲೆಯ ತಳ ಬಿಳಿಚು. ಇಷ್ಟು ಕಂಡರೆ ಹಣ್ಣಿಲ್ಲದಿದ್ದರೂ ಅದು ಎಲಚಿ.

ನಮ್ಮದು ಯಾವುದು, ಬಂದದ್ದು ಯಾವುದು

ಮೈಸೂರಿನ ರಸ್ತೆಗಳಲ್ಲಿ ಕಲಿಯಲು ಹೊರಟವರಿಗೆ ಒಂದು ತೊಡಕಿದೆ. ನೆರಳು ಕೊಡುವ ಮರಗಳಲ್ಲಿ ಎಷ್ಟೋ ಹೊರಗಿನವು. ಗುಲ್‌ಮೊಹರ್ ಮಡಗಾಸ್ಕರ್‌ನದು. ಮಳೆಮರ, ಜಕರಂಡ ಅಮೆರಿಕ ಖಂಡದವು. ಜರ್ಮನಿಯಿಂದ ಬಂದ ಕ್ರುಂಬಿಗಲ್ ಅವರು ಮೈಸೂರು ಸಂಸ್ಥಾನದ ತೋಟಗಾರಿಕೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಹೂವಿನ ಚೆಲುವಿಗಾಗಿ ಇಂಥ ಮರಗಳಿಗೆ ಒಳ್ಳೆಯ ಜಾಗ ಸಿಕ್ಕಿತು. ನಮ್ಮ ಹೊಂಗೆ, ಕಕ್ಕೆ, ಹೊಳೆದಾಸವಾಳ ಇವುಗಳ ನಡುವೆಯೇ ನಿಂತಿವೆ.

ಮನುಷ್ಯ ತಂದು ನೆಡದೆ, ತಾನಾಗಿಯೇ ಈ ನೆಲದಲ್ಲಿ ಬೆಳೆದು ಬಂದದ್ದು ದೇಶಿ ಗಿಡ. ಎಷ್ಟು ಹಳೆಯದು, ಎಷ್ಟು ಬಳಕೆಯದು ಎಂಬುದು ಬೇರೆ ಮಾತು. ಹುಣಸೆಯಿಲ್ಲದೆ ನಮ್ಮ ಸಾರಿಲ್ಲ, ಆದರೆ ಅದರ ಮೂಲ ಆಫ್ರಿಕ. ಮುಟ್ಟಿದರೆ ಮುನಿ, ಪಾರ್ಥೇನಿಯಂ, ಲಂಟಾನ ಮೂರೂ ಅಮೆರಿಕದ ಕಡೆಯಿಂದ ಬಂದವು.

ಈ ಭೇದ ಕಲಿಯಲು ಜಾಲಿಗಿಂತ ಒಳ್ಳೆಯ ಪಾಠ ಇಲ್ಲ. ಕೆರೆ ಏರಿಯ ಮೇಲೆ ಮುಳ್ಳಿನ ಮರ ಕಂಡರೆ ಎಲ್ಲರೂ ಜಾಲಿ ಅನ್ನುತ್ತಾರೆ. ನಮ್ಮ ಕರಿಜಾಲಿಯ ಹೂ ಹಳದಿ ಉಂಡೆ, ಕಾಯಿ ಮಣಿ ಪೋಣಿಸಿದಂತೆ ಬೀಜಬೀಜದ ನಡುವೆ ಸೊಂಟ ಕಿರಿದಾಗಿರುತ್ತದೆ. ಬಳ್ಳಾರಿ ಜಾಲಿಯ ಹೂ ಬೆರಳುದ್ದದ ತೆನೆ, ಕಾಯಿ ತಿರುಳು ತುಂಬಿದ ಹಳದಿ ಪಟ್ಟಿ. ಇದು ಅಮೆರಿಕದ್ದು, ಬೇರು ಬಿಟ್ಟ ಕಡೆ ಬೇರೆ ಗಿಡಕ್ಕೆ ಜಾಗ ಬಿಡುವುದಿಲ್ಲ.

ತಂಗಡಿಯದ್ದೂ ಹೀಗೇ. ಬೆಟ್ಟದ ಬುಡದಲ್ಲಿ, ಬಯಲಿನಲ್ಲಿ ಹಳದಿ ಹೂ ತುಂಬಿಕೊಂಡ ಪೊದೆ ನಮ್ಮ ತಂಗಡಿ, ಕೆಲವರು ಆವರಿಕೆ ಅನ್ನುತ್ತಾರೆ. ಚರ್ಮ ಹದ ಮಾಡಲು ಇದರ ತೊಗಟೆ ಬಳಸುತ್ತಿದ್ದರು. ಎಲೆಯ ತೊಟ್ಟು ಕಡ್ಡಿಗೆ ಸೇರುವ ಜಾಗದಲ್ಲಿ ಅಗಲವಾದ ಹಸಿರು ಕಿವಿಯಂಥ ಜೋಡಿ ಕಾಣುತ್ತದೆ. ಅದೇ ಇದರ ಗುರುತು. ಬಂಡೀಪುರ, ನಾಗರಹೊಳೆ ಕಾಡನ್ನು ಈಗ ಆವರಿಸುತ್ತಿರುವ ಸೆನ್ನಾ ಸ್ಪೆಕ್ಟಬಿಲಿಸ್ ಎಂಬ ಮರಕ್ಕೂ ಹಳದಿ ಹೂವೇ. ಆದರೆ ಅದು ಹೊರಗಿನದು, ಆ ಕಿವಿಯೂ ಅದಕ್ಕಿಲ್ಲ. ಹಳದಿ ಹೂ ನೋಡಿ ಎರಡನ್ನೂ ಒಂದೇ ಅಂದುಕೊಂಡರೆ ಕಾಡಿಗೆ ಆಗುತ್ತಿರುವ ಕೇಡು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಗಿಡದ ಗುರುತು ತಿಳಿಯಬೇಕು ಅಂತ ನಾನು ಹಠ ಹಿಡಿದು ಹೇಳುವುದಕ್ಕೆ ಇದೂ ಒಂದು ಕಾರಣ.

ಹುಳುಗಳಿಗೆ ಈ ಭೇದ ಚೆನ್ನಾಗಿ ಗೊತ್ತು. ಎಕ್ಕದ ಎಲೆ ತಿನ್ನುವ ಪಟ್ಟೆ ಪಟ್ಟೆ ಕಂಬಳಿಯಲ್ಲದ ನುಣುಪು ಹುಳು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆ ಆಗುತ್ತದೆ. ಕಕ್ಕೆಯ ಚಿಗುರಿನಲ್ಲಿ ಹಸಿರು ಹುಳು ಇದ್ದರೆ ತಿಳಿಹಳದಿ ಚಿಟ್ಟೆಗಳು ಅಲ್ಲೇ ಸುತ್ತುತ್ತಿರುತ್ತವೆ.

ಎಲೆಯೂ ಇಲ್ಲದ ಕಾಲ

ಶಿವರಾತ್ರಿಯ ಆಸುಪಾಸು ಎಲೆ ಉದುರಿ, ಬರೀ ಕೆಂಪು ಹೂ ಹೊತ್ತು ನಿಲ್ಲುವ ಮರಗಳು ಮೂರು: ಮುತ್ತುಗ, ಬೂರುಗ, ಹಾಲುವಾಣ. ದೂರದಿಂದ ಮೂರೂ ಒಂದೇ ಥರ ಅನ್ನಿಸುತ್ತದೆ. ಹತ್ತಿರ ಹೋಗಿ ಬೊಡ್ಡೆ ನೋಡಿ. ಸೊಟ್ಟಪಟ್ಟ ಬೊಡ್ಡೆ, ಮುಳ್ಳಿಲ್ಲ, ಹೂ ಕಿತ್ತಳೆ ಬಣ್ಣದ್ದು ಅಂದರೆ ಮುತ್ತುಗ. ನೆಟ್ಟಗೆ ಮೇಲೇರಿದ ಬೊಡ್ಡೆ, ಅದರ ಮೇಲೆ ದಪ್ಪ ಬುಡದ ಮುಳ್ಳು, ಕೆಳಗೆ ಬಿದ್ದ ಐದು ದಪ್ಪ ಎಸಳಿನ ಹೂ ಅಂದರೆ ಬೂರುಗ. ಕೊಂಬೆಗಳಲ್ಲಿ ಸಣ್ಣ ಮುಳ್ಳು, ತುದಿಯಲ್ಲಿ ಗೊಂಚಲಾಗಿ ಕಡುಗೆಂಪು ಹೂ ಅಂದರೆ ಹಾಲುವಾಣ. ಮರದಡಿಯ ಒಣ ಎಲೆಯನ್ನೂ ಕೆದಕಿ ನೋಡಿ. ಮೂರು ಕಿರುಎಲೆಯೋ, ಬೆರಳಿನಂತೆ ಹರಡಿದ ಐದೋ ಎಂಬುದು ಅಲ್ಲೇ ಸಿಗುತ್ತದೆ.

ಜಾಗವೂ ಒಂದು ಗುರುತು

ಶ್ರೀರಂಗಪಟ್ಟಣದ ಕಾವೇರಿ ದಡದಲ್ಲಿ ನುಣುಪು ಬೂದು ತೊಗಟೆಯ ದೊಡ್ಡ ಮರ ಕಂಡರೆ ಹೊಳೆಮತ್ತಿ ಇರಬಹುದು. ಕೆಳಗೆ ಐದು ರೆಕ್ಕೆಯ ಒಣಕಾಯಿ ಸಿಕ್ಕರೆ ಖಾತ್ರಿ. ಎಲೆಯ ಬುಡದ ಹತ್ತಿರ ಎರಡು ಸಣ್ಣ ಗಂಟು ಇರುತ್ತವೆ. ಅದರ ನೆಂಟ ಮತ್ತಿ ಮರದ ತೊಗಟೆ ಮೊಸಳೆಯ ಚರ್ಮದಂತೆ ಒಡೆದಿರುತ್ತದೆ, ಅದನ್ನು ನೋಡಲು ಕಾಡಿನ ಕಡೆಗೆ ಹೋಗಬೇಕು. ನಾಲೆಯ ಏರಿಯಲ್ಲಿ ಲಕ್ಕಿ, ಒಣ ಬಯಲಲ್ಲಿ ತಂಗಡಿ, ನೀರು ನಿಂತ ಕಡೆ ಜೊಂಡು. ಎಲ್ಲವನ್ನೂ ಒಂದೇ ಕಡೆ ನೋಡಬೇಕೆಂದರೆ ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಗಿಂತ ಒಳ್ಳೆಯ ಜಾಗ ಇಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕೆರೆ. ಏರಿಯ ಮರ, ಅಂಚಿನ ಪೊದೆ, ನೀರಿನ ಗಿಡ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಮೊಬೈಲು ಎಷ್ಟು ನಂಬಬೇಕು

ಫೋಟೊ ನೋಡಿ ಗಿಡದ ಹೆಸರು ಹೇಳುವ ಗೂಗಲ್ ಲೆನ್ಸ್, ಐನ್ಯಾಚುರಲಿಸ್ಟ್ ಆ್ಯಪ್‌ಗಳು ಎರಡೂ ಉಪಯೋಗಕ್ಕೆ ಬರುತ್ತವೆ. ಎರಡನೆಯದರಲ್ಲಿ ಬೇರೆ ಬಲ್ಲವರೂ ನೋಡಿ ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಆದ್ದರಿಂದ ನನಗೆ ಅದೇ ಇಷ್ಟ. ಆದರೆ ಒಂದು ಹೂವಿನ ಫೋಟೊ ಹಾಕಿದರೆ ಬರುವುದು ಬರೀ ಊಹೆ. ಎಲೆಯ ಮೇಲ್ಭಾಗ, ತಳ, ಗೆಣ್ಣಿನ ಹತ್ತಿರದ ಚಿತ್ರ, ತೊಗಟೆ, ಹೂ ಕಾಯಿ ಇದ್ದರೆ ಅವು, ಕೊನೆಗೆ ಇಡೀ ಗಿಡ. ಇಷ್ಟು ತೆಗೆಯಿರಿ. ಮೊಬೈಲು ಹೆಸರು ಹೇಳಿದ ಮೇಲೆ ಆ ಹೆಸರಿನ ಗಿಡಕ್ಕೆ ಎಲೆ ಎದುರುಬದುರೋ ಅಲ್ಲವೋ ಎಂದು ತಾಳೆ ನೋಡಿ. ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ವೈಜ್ಞಾನಿಕ ಹೆಸರನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಬ್ರಾಹ್ಮಿ ಅಂದರೆ ಕೆಲವರು ಒಂದೆಲಗ ಕೊಡುತ್ತಾರೆ, ಕೆಲವರು ದಪ್ಪ ಸಣ್ಣ ಎಲೆಯ ನೀರುಬ್ರಾಹ್ಮಿ ಕೊಡುತ್ತಾರೆ. ಎರಡೂ ಬೇರೆ ಬೇರೆ ಗಿಡ.

ಫೋಟೊ ನಂಬಿ ಯಾವ ಸೊಪ್ಪನ್ನೂ ಕಾಯನ್ನೂ ಬಾಯಿಗೆ ಹಾಕಬೇಡಿ. ಉಮ್ಮತ್ತಿಯ ಎಲೆ, ಬೀಜ ಎರಡೂ ವಿಷ. ಕೆಂಪು ಕಪ್ಪಿನ ಗುಲಗಂಜಿ ಮಕ್ಕಳ ಕೈಗೆ ಸಿಗಬಾರದು, ಅಗಿದರೆ ಜೀವಕ್ಕೆ ಅಪಾಯ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ಪಾರ್ಥೇನಿಯಂ ಮುಟ್ಟಿದರೆ ಎಷ್ಟೋ ಜನಕ್ಕೆ ಚರ್ಮ ಕೆರೆಯುತ್ತದೆ.

ಶುರು ಮಾಡುವುದಕ್ಕೆ ಒಂದು ಹೊಂಗೆ ಸಾಕು. ದಿನಾ ಓಡಾಡುವ ದಾರಿಯಲ್ಲಿ ಇದ್ದೇ ಇರುತ್ತದೆ. ಚಳಿ ಮುಗಿಯುವಾಗ ಎಲೆ ಉದುರುವುದು, ಯುಗಾದಿ ಹೊತ್ತಿಗೆ ಮಿರಿಮಿರಿ ಚಿಗುರು, ಬೇಸಿಗೆಯಲ್ಲಿ ನೆಲದ ಮೇಲೆ ಹಾಸಿದ ತಿಳಿಗುಲಾಬಿ ಹೂ, ಆಮೇಲೆ ಎಲೆಯ ಒಳಪದರವನ್ನು ಹುಳು ಕೊರೆದು ಮೂಡುವ ಬಿಳಿ ಮಚ್ಚೆ, ಒಂದೇ ಬೀಜದ ಚಪ್ಪಟೆ ಕಾಯಿ. ಕಂಡದ್ದನ್ನು ತಾರೀಕಿನ ಜೊತೆ ಬರೆಯುತ್ತಾ ಹೋಗಿ. ಒಂದು ವರ್ಷ ಹೀಗೆ ನೋಡಿದ ಮೇಲೆ ಹೊಂಗೆಯನ್ನು ಯಾವ ಕಾಲದಲ್ಲಿ, ಯಾವ ಊರಿನಲ್ಲಿ ಕಂಡರೂ ಹೆಸರು ತಾನಾಗಿ ಬರುತ್ತದೆ. ಅಷ್ಟರೊಳಗೆ ಅದೇ ದಾರಿಯ ಇನ್ನೊಂದು ಮರವನ್ನೂ ಪುಸ್ತಕಕ್ಕೆ ಸೇರಿಸಿಕೊಳ್ಳಬಹುದು. ಬೇವಾದರೆ ಒಳ್ಳೆಯದು. ಎರಡರ ಕಿರುಎಲೆಯನ್ನು ಪಕ್ಕಪಕ್ಕ ಇಟ್ಟು ಅಂಚು ನೋಡಿದರೆ ಒಂದು ನುಣುಪು, ಒಂದು ಗರಗಸ.